ಅಕ್ಕಯಮ್ಮನವರ ಗೋಡೆ

ಶ್ರೀನಿವಾಸಪುರ
೧೦-೯-೧೯೮೩

ರಾಯಲ್ಪಾಡಿನ ಅಕ್ಕಯಮ್ಮನವರಿಗೆ ಬೀಜದಂಗಡಿ ಚನ್ನರಾಯಪ್ಪನ ನಮಸ್ಕಾರ.

ನಾನು ಮಾರಿದ ಟೊಮೇಟೊ ಬೀಜ ಗಿಡವಾಯಿತು, ಕಾಯಿ ಕಚ್ಚಲಿಲ್ಲ. ಜನ ನನ್ನ ಅಂಗಡಿಗೆ ಬರದೆ ನಿಮ್ಮ ಬಾಗಿಲಿಗೆ ಬಂದು, "ನಿಮ್ ಗೋಡೆ ಮೇಲೆ ಬರೆದಿದ್ದಕ್ಕೇ ನಂಬಿ ತಗೊಂಡ್ವಿ ಅಕ್ಕಾ" ಅಂದರಂತೆ. ನೀವು ನಿಮ್ಮ ತೋಟಕ್ಕೆಂದು ಬೆಳೆಸಿದ ಸಸಿಗಳನ್ನೇ ಕಿತ್ತು ಕೊಟ್ಟಿರಂತೆ.

ಜಾಹೀರಾತಿಗೆ ಗೋಡೆ ಕೇಳಿದಾಗ, ರಸ್ತೆಗೆ ಚೆನ್ನಾಗಿ ಕಾಣುತ್ತದೆ ಎಂದಿದ್ದೆ. ಅದು ನೆಪ. ಊರಿನಲ್ಲಿ ನಿಮ್ಮ ಮಾತಿಗಿರುವ ಬೆಲೆ ನೋಡಿ ಕೇಳಿದ್ದು.

ಸೋಮವಾರ ಪೇಂಟರ್ ಕದಿರೇಶ ಸುಣ್ಣ ತರುತ್ತಾನೆ. "ನಂಬಿಕೆಗೆ ಹೆಸರಾದ ಬೀಜ" ಅನ್ನುವ ಸಾಲನ್ನು ಅಳಿಸಲಿ. ಕೆಳಗಿನ ನನ್ನ ಹೆಸರು, ಅಂಗಡಿ ವಿಳಾಸ ಹಾಗೇ ಇರಲಿ. ಬೈಯಬೇಕಾದವರಿಗೆ ದಾರಿ ಗೊತ್ತಾಗಬೇಕು.

ನಿಮಗೆ ಮುಖ ತೋರಿಸಲಾರದ,
ಚನ್ನರಾಯಪ್ಪ