ಡಬ್ಬಾ ಹೊತ್ತ ಸಿಪಾಯಿ

ವಡಾಲ, ಮುಂಬಯಿ
೯ ಫೆಬ್ರವರಿ ೧೯೫೮, ಭಾನುವಾರ

ಪ್ರೀತಿಯ ವಾರಿಜಾ,

ಕ್ಷೇಮವೇ ಎಂದು ಕೇಳುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ನೀನು ಕ್ಷೇಮವಾಗಿಲ್ಲ ಎಂದು ನೀಲಾವತಿ ಬರೆದಿದ್ದಾಳೆ. ತಂಗಿಯನ್ನು ಬೈಯಬೇಡ. ಅವಳ ಮಗುವಿಗೆ ಮೊದಲ ಅನ್ನ ಉಣಿಸುವ ದಿನ ಎಲ್ಲರೂ "ವಾರಿಜಕ್ಕ, ನೀವೇ ಶುರು ಮಾಡಿ" ಎಂದರಂತೆ. ನೀನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ನನ್ನ ಕೈಯ ಅನ್ನ ಮಕ್ಕಳಿಗೆ ಆಗುದಿಲ್ಲ" ಎಂದು ಹಿತ್ತಿಲಿಗೆ ಹೋಗಿ ನಿಂತೆಯಂತೆ. ಊರಿಗೆ ಹೋದಂದಿನಿಂದ ನೀನು ಒಲೆಯ ಮುಂದೆ ಕೂತಿಲ್ಲವಂತೆ. ಗುಡಿಸುತ್ತೀಯಂತೆ, ನೀರು ಸೇದುತ್ತೀಯಂತೆ, ಬೀಡಿ ಕಟ್ಟುತ್ತೀಯಂತೆ, ಅಕ್ಕಿ ಮಾತ್ರ ಮುಟ್ಟುವುದಿಲ್ಲವಂತೆ.

ಆ ಕಾಗದ ಬಂದು ಹದಿನೇಳು ದಿನವಾಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತೆ, ಎದ್ದೆ. ಹೋಟೆಲಿನ ಕೌಂಟರಿನಲ್ಲಿ ಕೂತರೆ ಒಂದು ಕಾಫಿಗೆ ಅರ್ಧ ಗಂಟೆ ಮಾತು ಪುಕ್ಕಟೆ ಎಂದು ನೀನು ನನ್ನನ್ನು ಹಂಗಿಸುತ್ತಿದ್ದೆ. ನಿಜ. ಈಗಲೂ ಹಾಗೆಯೇ, ಗಿರಾಕಿಗಳು ಓಡಿಹೋಗುತ್ತಾರೆ. ಆದರೆ ಹೇಳಬೇಕಾದ ಒಂದು ಮಾತನ್ನು ಆರು ವರ್ಷ ಹೇಳಲಿಲ್ಲ. ಮನೆಯಲ್ಲಿ ನಾವು ಆಡುವುದು ತುಳು. ತುಳುವಿನಲ್ಲಿ ಇದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಕನ್ನಡದಲ್ಲಿ ಬರೆದರೆ ಕೊಂಚ ದೂರ ನಿಂತು ನೋಡಿದ ಹಾಗೆ ಇರುತ್ತದೆ. ನೀನೊಬ್ಬಳೇ ಕೂತು ಓದು. ನೀಲಾವತಿಯ ಕೈಗೆ ಕೊಡಬೇಡ.

ಸಾಂತಾಕ್ರೂಜಿನ ಕೇಕಿ ಸಾಹೇಬರು ನೆನಪಿದ್ದಾರಲ್ಲ, ನಮ್ಮ ಹೋಟೆಲಿಗೆ ದಿನಾ ಬೆಳಿಗ್ಗೆ ಬರುತ್ತಿದ್ದ ಪಾರ್ಸಿ ಮುದುಕರು. ಒಂದು ದಿನ ಕೋಟಿನ ಜೇಬಿನಿಂದ ಹೆಬ್ಬೆರಳಷ್ಟು ಉದ್ದದ ಸೀಸದ ಸಿಪಾಯಿಯನ್ನು ತೆಗೆದು ನನ್ನ ಮುಂದಿಟ್ಟರು. ಕುತ್ತಿಗೆ ಮುರಿದಿತ್ತು. "ಯೇ ಜೋಡ್ ಸಕ್ತಾ ಹೈ ಕ್ಯಾ, ಸದಾನಂದ್?" ಎಂದರು. ನಾನು ಕುತ್ತಿಗೆಗೂ ತಲೆಗೂ ತೂತು ಕೊರೆದು, ಬೆಂಕಿಕಡ್ಡಿಯ ಚೂರು ತೂರಿಸಿ ಜೋಡಿಸಿಕೊಟ್ಟೆ. ಮರುದಿನ ಒಂದು ಪೆಟ್ಟಿಗೆ ತುಂಬ ರುಂಡ ಮುಂಡ ಬೇರೆಯಾದವರನ್ನು ತಂದರು. ಶುರುವಾದದ್ದು ಹಾಗೆ.

ನಿನಗೆ ಅದು ಗೊಂಬೆಯಾಟ. "ಎಲ್ಲರ ಮನೆಯಲ್ಲಿ ಮಗನಿಗೆ ಗೊಂಬೆ ಬೇಕು, ನಮ್ಮಲ್ಲಿ ಅಪ್ಪನಿಗೇ ಬೇಕು ಮಾರಾಯ್ರೆ" ಎನ್ನುತ್ತಿದ್ದೆ. ಆದರೆ ಸಾಹೇಬರ ಉದ್ದದ ಊಟದ ಮೇಜಿನ ಮೇಲೆ ನಾವು ಯುದ್ಧ ಹೂಡುತ್ತಿದ್ದುದನ್ನು ನೀನು ನೋಡಲೇ ಇಲ್ಲ. ಹಳೆಯ ಪೇಪರನ್ನು ಮೈದಾ ಅಂಟಿನಲ್ಲಿ ನೆನೆಸಿ ಗುಡ್ಡ ಮಾಡುತ್ತಿದ್ದೆ. ಹೀರೆಕಾಯಿಯ ಒಣ ನಾರು ಕತ್ತರಿಸಿ ಹಸಿರು ಬಣ್ಣದಲ್ಲಿ ಅದ್ದಿದರೆ ಮರ. ಕಿಟಕಿಯ ಗಾಜಿನ ಅಡಿಗೆ ನೀಲಿ ಬಳಿದರೆ ನದಿ. ಅಡಿಕೋಲಿನಲ್ಲಿ ಅಳೆದು ಸೈನ್ಯ ನಡೆಸುವುದು, ದಾಳ ಹಾಕಿ ಯಾರು ಸತ್ತರು ಎಂದು ತೀರ್ಮಾನಿಸುವುದು. ಅಂಗಡಿಯಲ್ಲಿ ಸಿಗುತ್ತಿದ್ದವರೆಲ್ಲ ಕೆಂಪು ಕೋಟಿನ ಇಂಗ್ಲಿಷರು. ಅವರ ಟೋಪಿ ಕೊಯ್ದು, ನೂಲು ಸುತ್ತಿ ಮುಂಡಾಸು ಕಟ್ಟಿ, ಬೂಟು ಅರದಿಂದ ಉಜ್ಜಿ ಬರಿಗಾಲು ಮಾಡಿ, ನಮ್ಮವರನ್ನಾಗಿ ಮಾಡುವುದು ನನ್ನ ಕೆಲಸ. ಬೇಕಾದ ಕೈಕಾಲು ಸಿಗದಿದ್ದರೆ ನಿನ್ನ ಪ್ರೈಮಸ್ ಸ್ಟೋವಿನ ಮೇಲೆಯೇ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದೆ. ಸಾಹೇಬರು ನನ್ನನ್ನು "ಜನರಲ್" ಎಂದು ಕರೆಯುತ್ತಿದ್ದರು. ಆರು ದಿನ "ಏ ಮ್ಯಾನೇಜರ್, ಚಟ್ನಿ ಎಲ್ಲಿ" ಎನ್ನಿಸಿಕೊಂಡವನಿಗೆ ಏಳನೆಯ ದಿನ ಜನರಲ್ ಆಗುವುದೆಂದರೆ ಏನೆಂದು ನಿನಗೆ ಹೇಗೆ ಹೇಳಲಿ. ನೋಡು, ಮತ್ತೆ ಅದರ ರುಚಿಗೆ ಬಿದ್ದು ಬರೆಯುತ್ತಾ ಹೋದೆ. ನನ್ನ ಬುದ್ಧಿಯೇ ಇಷ್ಟು.

ಶೇಖರ ನನ್ನ ತೊಡೆಗೆ ಆತುಕೊಂಡು ಕೂತಿರುತ್ತಿದ್ದ, ನೆನಪಿದೆಯಾ? ಅರದ ಪುಡಿ ಅವನ ಮೊಣಕಾಲ ಮೇಲೆ ಬೂದಿಯ ಹಾಗೆ ಬೀಳುತ್ತಿತ್ತು. ಒಂದು ದಿನ ಒಬ್ಬ ಸಿಪಾಯಿಯನ್ನು ಎತ್ತಿ, "ಇವನಿಗೆ ಕೋವಿ ಬೇಡ ಅಪ್ಪ. ಇವ ಎಲ್ಲರಿಗೂ ಊಟ ತಕ್ಕೊಂಡು ಹೋಗುವವ" ಎಂದ. ನಮ್ಮ ಚಾಳಿಗೆ ಬರುತ್ತಿದ್ದ ಡಬ್ಬಾವಾಲ ಅವನಿಗೆ ದೇವರ ಸಮಾನ ಅಲ್ಲವೇ. ಕೋವಿ ಕೊಯ್ದೆ. ಎರಡೂ ಕೈಯನ್ನು ಬಿಸಿ ಮಾಡಿ ಮೇಲಕ್ಕೆ ಬಾಗಿಸಿದೆ. ತಲೆಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಸೀಸದ ಎಂಟು ಡಬ್ಬಿ ಅಂಟಿಸಿ, ಬಿಳಿ ಟೋಪಿ ಬಳಿದುಕೊಟ್ಟೆ. ಅಷ್ಟು ಚೆಂದದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗುತ್ತಿದ್ದ. ಕೈಯಿಂದ ಬಿಡಿಸಲು ಹೋದರೆ ನೀನು, "ಇರಲಿ ಬಿಡಿ, ಅವನ ಡಬ್ಬಾವಾಲ ಎಲ್ಲಿಗೂ ಹೋಗುದಿಲ್ಲ" ಎನ್ನುತ್ತಿದ್ದೆ.

ಆ ವರ್ಷ ಮಾರ್ಚಿನಿಂದ ಅವನು ಬಿಳುಚುತ್ತಾ ಬಂದ. ಹೊಟ್ಟೆನೋವು ಎನ್ನುತ್ತಿದ್ದ, ಉಣ್ಣುತ್ತಿರಲಿಲ್ಲ, ಸುಮ್ಮಸುಮ್ಮನೆ ಅಳುತ್ತಿದ್ದ. ನೀನು ಓಮ ಕುದಿಸಿದೆ, ದೃಷ್ಟಿ ತೆಗೆದೆ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಫಿಟ್ಸ್ ಬಂದಿತು. ಚಾಳಿನವರೆಲ್ಲ ಸೇರಿ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಓಡಿದೆವು. ಇಲ್ಲಿಂದ ಮುಂದಿನದನ್ನು ನಿಧಾನ ಓದು ವಾರಿಜಾ. ನೀನು ಅಲ್ಲಿಯೇ ನಿಂತಿದ್ದೆ, ಆದರೆ ನಿನಗೆ ಗೊತ್ತಿಲ್ಲ.

ಡಾಕ್ಟರು ಅವನ ತುಟಿ ಎತ್ತಿ ಒಸಡು ನೋಡಿದರು. ಒಸಡಿನ ಅಂಚಿಗೆ ಪೆನ್ಸಿಲಿನಲ್ಲಿ ಎಳೆದ ಹಾಗೆ ತೆಳ್ಳಗೆ ಒಂದು ನೀಲಿ ಗೆರೆ. ಅವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದರಲ್ಲ, ಅವರು ಕೇಳಿದ್ದು ಇಷ್ಟು: ಮನೆಯಲ್ಲಿ ಸೀಸ ಇದೆಯೇ? ಬಣ್ಣದ ಕೆಲಸ, ಸೀಸ ಕರಗಿಸುವ ಕೆಲಸ ಯಾರಾದರೂ ಮಾಡುತ್ತಾರೆಯೇ?

"ನೋ ಸರ್" ಎಂದೆ.

ಅವರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ "ನೋ ಸರ್" ಎಂದೆ.

ನೀನು ನನ್ನ ಅಂಗಿಯ ತೋಳು ಎಳೆದು, "ಎಂತ ಕೇಳಿದ್ರು? ಡಾಕ್ಟ್ರು ಎಂತ ಕೇಳಿದ್ರು?" ಎಂದೆ. ನಾನು, "ಮಗುವಿಗೆ ಎಂತ ತಿನ್ನಿಸಿದ್ದೀರಿ ಅಂತ ಕೇಳ್ತಾರೆ" ಎಂದೆ.

ಎಲ್ಲಿಂದ ಬಂತೋ ಆ ಮಾತು. ನಿನ್ನ ಮುಖ ಇಳಿದುಹೋದದ್ದು ಈಗಲೂ ಕಾಣುತ್ತದೆ. "ಮರುವಾಯಿ" ಎಂದೆ ನೀನು. "ಮೊನ್ನೆ ಮೀನಿನವಳ ಹತ್ತಿರ ತಕ್ಕೊಂಡ ಮರುವಾಯಿ. ಹಠ ಮಾಡಿದ ಅಂತ ನಾಲ್ಕು ಕೊಟ್ಟೆ. ಹೇಳಿ, ಅದನ್ನು ಹೇಳಿ ಅವರಿಗೆ!" ಚಿಪ್ಪುಮೀನು ತಿಂದಿದ್ದಾನೆ ಎಂದು ನಾನು ಡಾಕ್ಟರಿಗೆ ಹೇಳಿದೆ. ಅವರು ಬರೆದುಕೊಂಡರು, ಅದಕ್ಕೆ ತಕ್ಕ ಔಷಧ ಕೊಟ್ಟರು. ಅವರದು ಏನೂ ತಪ್ಪಿಲ್ಲ. ಮೂರನೆಯ ದಿನ ಬೆಳಿಗ್ಗೆ ಶೇಖರ ಹೋದ.

ಸೀಸ ಮಗುವಿನ ಮೈಗೆ ವಿಷವೆಂದು ಆಗ ನನಗೆ ತಿಳಿದಿರಲಿಲ್ಲ. ನಲವತ್ತು ದಾಟಿದ ಗಂಡಸು ಗೊಂಬೆ ಮಾಡುತ್ತಾನೆ ಎಂದು ಅಷ್ಟು ಜನರ ಮುಂದೆ ಹೇಳಲು ನಾಚಿಕೆಯಾಯಿತು. ಅಷ್ಟೇ. ತಿಳಿದದ್ದು ಆಮೇಲೆ. ಆಗಲೇ ನಿಜ ಹೇಳಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಯಾರನ್ನೂ ಕೇಳುವ ಧೈರ್ಯ ನನಗಾಗಲಿಲ್ಲ.

ನನ್ನ ಅಮ್ಮ ಊರಿನಿಂದ ಬಂದು, "ಒಂದು ಮಗುವಿಗೆ ಎಂತ ಕೊಡಬೇಕು ಅಂತ ಗೊತ್ತಿಲ್ಲದ ಹೆಂಗಸು" ಎಂದು ನಿನ್ನ ಎದುರಿಗೇ ಹೇಳಿದಳು. ನೀನು ತಲೆ ತಗ್ಗಿಸಿ ಪಾತ್ರೆ ತೊಳೆಯುತ್ತಿದ್ದೆ. ನಾನು ಪೇಪರು ಓದುತ್ತಿದ್ದೆ. ವರ್ಷದ ಕ್ರಿಯೆ ಮುಗಿಸಿ ನೀನು ಟ್ರಂಕು ಕಟ್ಟಿ, "ನೀವು ಇನ್ನೊಂದು ಮದುವೆ ಆಗಿ. ನನ್ನ ಕೈ ಒಳ್ಳೆದಲ್ಲ" ಎಂದೆ. ಬೇಡ ಎನ್ನಲು ಬಾಯಿ ತೆರೆದೆ. ಬೇಡ ಎಂದರೆ ಯಾಕೆ ಎಂದು ಹೇಳಬೇಕಿತ್ತು. ಬಾಯಿ ಮುಚ್ಚಿ ನಿನ್ನ ಟ್ರಂಕನ್ನು ಬಂದರಿಗೆ ಹೊತ್ತುಕೊಂಡು ಬಂದೆ, ಹಡಗಿನಲ್ಲಿ ಒಳ್ಳೆಯ ಜಾಗ ನೋಡಿ ಕೂರಿಸಿದೆ. ಅಷ್ಟು ಒಳ್ಳೆಯ ಗಂಡ ನಾನು.

ಆಮೇಲೆ ಅದನ್ನೆಲ್ಲ ಬಿಟ್ಟೆನೆಂದುಕೊಂಡೆಯಾ? ಬಿಡಲಿಲ್ಲ. ಐದು ವರ್ಷ ಪ್ರತಿ ಭಾನುವಾರ ದಾದರಿನಿಂದ ಲೋಕಲ್ ಹಿಡಿದು ಸಾಂತಾಕ್ರೂಜಿಗೆ ಹೋದೆ. ಮನೆಯಲ್ಲಿ ನೀನು ಮಲಗುತ್ತಿದ್ದ ಜಾಗದಲ್ಲಿ ಹಲಗೆ ಹಾಕಿ ಮೂರು ಗುಡ್ಡ, ಒಂದು ಸೇತುವೆ, ಒಂದು ಊರು ಕಟ್ಟಿದೆ. ಊರಿನಲ್ಲಿ ಬಾವಿ, ಬಾವಿಗೆ ರಾಟೆ, ರಾಟೆಗೆ ನೂಲಿನ ಹಗ್ಗ. ಒಯ್ದು ತೋರಿಸಿದಾಗ ಸಾಹೇಬರು ಭೂತಗನ್ನಡಿಯಲ್ಲಿ ನೋಡಿ ಬೆನ್ನು ತಟ್ಟಿದರು. ಬೆರಳಿಗೆ ಕೆಲಸವಿದ್ದರೆ ತಲೆ ಸುಮ್ಮನಿರುತ್ತದೆ. ಅದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿಲ್ಲ.

ನೀಲಾವತಿಯ ಕಾಗದ ಬಂದ ಮೇಲಿನ ಭಾನುವಾರವೂ ಹೋಗಿದ್ದೆ. ನನ್ನ ಸರದಿ ಬಂತು. ಸಿಪಾಯಿಯನ್ನು ಎತ್ತಲು ಕೈ ಚಾಚಿದೆ, ಬೆನ್ನ ಹಿಂದೆ ಕಟ್ಟಿದ ನಿನ್ನ ಕೈ ಕಂಡಿತು. ಎದ್ದು ಚಪ್ಪಲಿ ಹಾಕಿಕೊಂಡೆ. "ಅರೆ ಡೀಕ್ರಾ, ಆಧೀ ಲಡಾಯೀ ಛೋಡ್ ಕೆ ಕೌನ್ ಜಾತಾ ಹೈ?" ಎಂದರು ಸಾಹೇಬರು. ಯುದ್ಧ ಬಿಟ್ಟು ಓಡಿದ್ದು ಇವತ್ತಲ್ಲ ಸಾಹೇಬರೇ, ಆರು ವರ್ಷ ಆಯಿತು ಎಂದೆ. ಅವರಿಗೆ ಅರ್ಥವಾಗಲಿಲ್ಲ.

ವಾರಿಜಾ, ಆ ಮರುವಾಯಿಯನ್ನು ಅವತ್ತು ನಾನೂ ತಿಂದಿದ್ದೆ, ನೀನೂ ತಿಂದಿದ್ದೆ. ನಾನು ಎರಡನೇ ಸಲ ಬಡಿಸಿಕೊಂಡಿದ್ದೆ. ನಮಗೆ ಏನಾಯಿತು? ಏನೂ ಇಲ್ಲ. ಇಷ್ಟು ಸಣ್ಣ ಮಾತು ನಿನಗೆ ಯಾಕೆ ಹೊಳೆಯಲಿಲ್ಲ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನಾನು ನಿನಗೆ ಸುಳ್ಳು ಹೇಳುವವನಲ್ಲ ಎಂದು ನೀನು ನಂಬಿದ್ದೆ, ಅದಕ್ಕೇ. ನಿನ್ನ ಕೈಯಲ್ಲಿ ಏನೂ ದೋಷವಿಲ್ಲ. ಆ ಕೈಯ ಅನ್ನ ಉಂಡ ದಿನಗಳಲ್ಲೇ ಅವನು ದುಂಡಗಿದ್ದ. ನೀಲಾವತಿಯ ಮಗುವಿಗೆ ನೀನೇ ಉಣಿಸು. ನಾಳೆಯೇ ಉಣಿಸು.

ಬಾ ಎಂದು ಕರೆಯುವುದಿಲ್ಲ. ಕ್ಷಮಿಸು ಎಂದೂ ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಬುದ್ಧಿ ನನಗೆ ಗೊತ್ತು.

ನೀನು ಒಂದು ದಿನವೂ ನನ್ನ ಹೆಸರು ಹಿಡಿದು ಕರೆದವಳಲ್ಲ. ಕರೆಯುತ್ತಿದ್ದ ಹಾಗೆಯೇ ಸಹಿ ಹಾಕುತ್ತೇನೆ.

ಶೇಖರನ ಅಪ್ಪ

ವಿ. ಸೂ.: ಕಾಗದ ಮಡಿಸಿ ಲಕೋಟೆಗೆ ಹಾಕಿದವನು ಮತ್ತೆ ತೆಗೆದಿದ್ದೇನೆ. ಸೀಸ ವಿಷವೆಂದು ತಿಳಿದಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಆ ವರ್ಷ ಫೆಬ್ರವರಿಯಲ್ಲೇ ಕೇಕಿ ಸಾಹೇಬರು, "ಬಚ್ಚೇ ಕೇ ಮೂಹ್ ಮೇ ಮತ್ ಜಾನೇ ದೇನಾ, ಜಹರ್ ಹೈ" ಎಂದು, ಮಗುವಿನ ಬಾಯಿಗೆ ಹೋದರೆ ವಿಷ ಎಂದು ಬಿಡಿಸಿ ಹೇಳಿದ್ದರು. ಮನೆಗೆ ಬಂದು ನೋಡಿದರೆ ಡಬ್ಬಾವಾಲನ ಹಲಗೆಯ ತುಂಬ ಹಲ್ಲಿನ ಗುರುತು. "ಇದು ಸಿಹಿ ಅಪ್ಪ" ಎಂದ. ಕಿತ್ತುಕೊಂಡರೆ ಅಳುತ್ತಾನೆ, ನೀನು ಯಾಕೆ ಎಂದು ಕೇಳುತ್ತೀ, ಕೇಳಿದರೆ ಪೆಟ್ಟಿಗೆಯನ್ನೇ ಗಟಾರಕ್ಕೆ ಎಸೆಯುತ್ತೀ ಎಂದುಕೊಂಡೆ. ಗುರುತನ್ನು ಅರದಿಂದ ಉಜ್ಜಿ ನಯ ಮಾಡಿ, ಹೊಸದಾಗಿ ಬಣ್ಣ ಹಚ್ಚಿ, ಅವನ ಕೈಗೇ ಕೊಟ್ಟೆ. ಹಾಗೆ ಮೂರು ಸಲ.

ಒಬ್ಬಳೇ ಓದು ಎಂದಿದ್ದೆನಲ್ಲ, ಅದೂ ಬೇಡ. ನೀಲಾವತಿಯಿಂದ ಗಟ್ಟಿಯಾಗಿ ಓದಿಸು. ನನ್ನ ಅಮ್ಮನನ್ನೂ ಕರೆಸಿ ಕೂರಿಸು.

ಊರಿಗೆ ಹೊರಟ ನಮ್ಮ ಹೋಟೆಲಿನ ಅಂಗಾರನ ಕೈಯಲ್ಲಿ ಒಂದು ದೊಡ್ಡ ಬೆಂಕಿಪೊಟ್ಟಣ ಕಳಿಸಿದ್ದೇನೆ. ಒಳಗೆ ಹತ್ತಿಯಲ್ಲಿ ಡಬ್ಬಾವಾಲ ಇದ್ದಾನೆ. ಮೂರನೆಯ ಸಲ ಬಣ್ಣ ಹಚ್ಚಿದ ಮೇಲೆ ಶೇಖರ ಮತ್ತೆ ಕಚ್ಚಿದ್ದ, ಆ ಗುರುತನ್ನು ಉಜ್ಜಲು ಸಮಯ ಸಿಗಲಿಲ್ಲ. ಹಲಗೆಯ ಬಲಗಡೆ ನೋಡು, ಮೇಲಿನ ನಾಲ್ಕು ಹಲ್ಲು ಚೆನ್ನಾಗಿ ಕಾಣುತ್ತವೆ. ಅದನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ.

ಮಕ್ಕಳ ಕೈಗೆ ಸಿಗದ ಹಾಗೆ ಎತ್ತರದಲ್ಲಿಡು. ಮುಟ್ಟಿದ ಮೇಲೆ ಕೈ ತೊಳೆದುಕೊ.