ಕಪಿಲೆಯ ಹೆಣ್ಣುಗರು

ಅಪ್ಪಾಜಿ,

ಇಂದು ಬೆಳಿಗ್ಗೆ ಕಪಿಲೆ ಕರು ಹಾಕಿದಳು. ರಾಸಾಯನಿಕ ಗೊಬ್ಬರ ಹಾಕದೆ ಬೆಳೆದ ನಮ್ಮದೇ ಹುಲ್ಲು ತಿಂದು, ಮಾಧವರಂನ ಈ ಕೊಟ್ಟಿಗೆಯಲ್ಲಿ ದೊಡ್ಡವಳಾದ ಮೊದಲ ಹಸು ಅವಳು. "ಹೀಗೆ ಸಾಕಿದ್ರೆ ದನ ಉಳಿಯಲ್ಲ ಕಣಮ್ಮ" ಎಂದಿದ್ದಿರಿ. ಆದರೂ ಕಣ್ಣು ಮುಚ್ಚುವ ಮೊದಲು ಹೊಲವನ್ನು ನನಗೇ ಬಿಟ್ಟುಕೊಟ್ಟಿರಿ.

ಕರುವಿನ ಒಂದು ಮುಂಗಾಲು ಒಳಗೇ ಮಡಚಿಕೊಂಡಿತ್ತು. ದನದ ಡಾಕ್ಟರು ಮೊಬೈಲಿಗೆ ಸಿಗಲಿಲ್ಲ. "ಅಕ್ಕಾ, ನಮ್ಮಿಂದ ಮುಡಿಯಾದು" ಎಂದು ಹಾಲು ಕರೆಯುವ ಮುರುಗೇಶನ್, ಆಗುವುದಿಲ್ಲವೆಂದು ತನ್ನ ತಮಿಳು ಬೆರೆಸಿ ಹೇಳಿ, ಕೈಚೆಲ್ಲಿದ. ಅಮ್ಮನಂತೂ "ಬೇಡ ಕಣೇ ನೀಲಾ, ಡಾಕ್ಟ್ರು ಬರ್ಲಿ" ಎನ್ನುತ್ತಲೇ ಇದ್ದಳು. ಕಪಿಲೆಗೆ ಅಷ್ಟು ಹೊತ್ತು ಕಾಯುವ ಶಕ್ತಿ ಇರಲಿಲ್ಲ.

ಹಸು ಈಯುವಾಗ ನೀವು ನನ್ನನ್ನು ಹೊರಗೆ ಕಳಿಸುತ್ತಿದ್ದಿರಿ. ನಾನು ಕಿಟಕಿಯಲ್ಲಿ ನಿಂತು ನೋಡಿಯೇ ಕಲಿತದ್ದು. ಮೊಣಕೈವರೆಗೆ ಎಣ್ಣೆ ಸವರಿಕೊಂಡು ಕೈ ಹಾಕಿದೆ. ಕರುವನ್ನು ಮೆಲ್ಲಗೆ ಹಿಂದಕ್ಕೆ ದೂಡಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾಲನ್ನು ನೇರ ಮಾಡಿದೆ. ಆಮೇಲೆ ಮುರುಗೇಶನೂ ನಾನೂ ಸೇರಿ ಎಳೆದೆವು. ಹೆಣ್ಣುಗರು ಹುಲ್ಲಿನ ಮೇಲೆ ಧೊಪ್ಪನೆ ಬಿದ್ದು ಸೀನಿತು! ಗೆದ್ದೆ ಅಪ್ಪಾಜಿ, ಗೆದ್ದುಬಿಟ್ಟೆ. ಕಪಿಲೆ ತಾನೇ ಎದ್ದು ಕರುವನ್ನು ನೆಕ್ಕಿದಳು.

ನಮ್ಮ ಕರುಗಳಿಗೆಲ್ಲ ಹೆಸರಿಡುತ್ತಿದ್ದವರು ನೀವು. "ಏನಂತ ಕರೆಯೋಣ?" ಎಂದು ಅಮ್ಮ ನನ್ನ ಮುಖ ನೋಡಿದಳು. "ಸ್ವಲ್ಪ ಹೊತ್ತು ಇರಲಿ" ಎಂದು ಕೈ ತೊಳೆಯಲು ಎದ್ದುಹೋದೆ.

ನಿಮ್ಮ
ನೀಲಾಂಬಿಕೆ