ಆಲ್ವಿನ್ ಸಾರ್ ನಿನ್ನನ್ನು ಕೇಳಿದರು

ಸಿದ್ದಣ್ಣಾ,

ನಿನ್ನೆ ಸಂಜೆ ಬಸವೇಶ್ವರನಗರದ ಸಮುದಾಯ ಭವನದಲ್ಲಿ ಆಲ್ವಿನ್ ಕಾರ್ಡೋಜಾ ಗಿಟಾರ್ ನುಡಿಸಿದರು. ನೀನು ತೀರಿಕೊಂಡ ಮೇಲೆ ನಾನು ಹೋದ ಮೊದಲ ಶೋ. ಕೂತಲ್ಲಿ ಕೂರಲಾಗಲಿಲ್ಲ. ಹೊರಡೋಣವೆಂದು ಎರಡು ಸಲ ಎದ್ದೆ, ಎರಡು ಸಲವೂ ಅವರ ಗಿಟಾರ್ ಕೂರಿಸಿತು.

ವಯಸ್ಸು ಎಪ್ಪತ್ತು ದಾಟಿದೆ, ಆದರೆ ಆ ಹಳೆಯ ರಾಕ್ ಹಾಡುಗಳಲ್ಲಿ ಅವರ ಗಿಟಾರಿನ ದನಿ ಹಾಗೇ ಇದೆ. ಆಂಪ್ಲಿಫೈಯರ್ ಚೆನ್ನಾಗಿ ಬಿಸಿಯಾದ ಮೇಲೆ ಬರುವ, ಅಂಚು ತುಸು ಸುಟ್ಟ ದನಿ. "ಹೋಳಿಗೆ ಸೀದಂಗಿದೆ ಕಣೇ, ಅದಕ್ಕೇ ರುಚಿ" ಅನ್ನುತ್ತಿದ್ದೆಯಲ್ಲ, ಅದೇ. ಒಂದು ಸ್ವರವನ್ನು ಅವರು ಎಳೆದು ಹಿಡಿದಾಗ ಕಿಟಕಿಯ ಗಾಜು ನಡುಗಿತು. ಹಿಂದಿನ ಸಾಲಿನ ಆಂಟಿ ಫೋನಿನಲ್ಲಿ ಮಾತು ನಿಲ್ಲಿಸಿದರು. ನಾನು ನಿನ್ನನ್ನು ಮೊಣಕೈಯಿಂದ ತಿವಿಯಲು ಹೋಗಿ ಖಾಲಿ ಕುರ್ಚಿಯನ್ನು ತಿವಿದೆ.

ಶೋ ಮುಗಿದ ಮೇಲೆ ಆಲ್ವಿನ್ ಸಾರ್ ವೇದಿಕೆಯಿಂದಲೇ ನನ್ನನ್ನು ಗುರುತು ಹಿಡಿದರು.

"ಎಲ್ಲಮ್ಮಾ ನಿಮ್ಮಣ್ಣ? ಪ್ರತಿ ಶೋಗೂ ಮುಂದೆ ಕೂತ್ಕೊಂಡು ತಲೆ ಆಡಿಸ್ತಿದ್ದನಲ್ಲ?"

ಹೇಳಲೆಂದೇ ಬಾಯಿ ತೆರೆದೆ.

"ಟ್ರಾಫಿಕ್ಕು ಸಾರ್. ಹೊಸಹಳ್ಳಿ ಹತ್ರ ಸಿಕ್ಕಾಕೊಂಡಿದಾನೆ" ಎಂದುಬಿಟ್ಟೆ.

"ಅಷ್ಟು ಹತ್ರ ಬಂದಿದಾನಾ? ಹಾಗಾದ್ರೆ ಬರ್ಲಿ, ಕಾಯೋಣ."

ಬಿಚ್ಚಿದ್ದ ಕೇಬಲನ್ನು ಮತ್ತೆ ಗಿಟಾರಿಗೆ ಸಿಕ್ಕಿಸಿ, ನೀನು ಯಾವಾಗಲೂ ಕೂಗಿ ಕೇಳುತ್ತಿದ್ದ ಆ ನಿಧಾನದ ಹಾಡನ್ನು ಶುರುಮಾಡಿದರು. ಸುತ್ತ ಕೆಲಸದವರು ಕುರ್ಚಿ ಪೇರಿಸುತ್ತಿದ್ದರು. ಆಲ್ವಿನ್ ಸಾರ್ ನುಡಿಸುತ್ತ ಬಾಗಿಲ ಕಡೆ ನೋಡುತ್ತಿದ್ದರು. ಹಾಡು ಮುಗಿಯುವವರೆಗೆ ನಾನೂ ಅತ್ತಲೇ ನೋಡುತ್ತ ನಿಂತೆ.